ಭಾವ ಉಜ್ಜಿದ ಈಜುಕೊಳ

ನಲ್ಲಿಗೊಂದು ವಾಷರ್ ಬೇಕಾಗಿತ್ತು. ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಮೊಣಕಾಲವರೆಗೆ ಹಸಿರು ಪಾಚಿ, ಅಕ್ಕನ ಕೈಯಲ್ಲಿ ಕ್ಲೋರಿನ್ ಡಬ್ಬ.

“ಮೂರು ವರ್ಷದ ಪಾಚಿ ಕಣೇ ಅಕ್ಕಾ. ಹಿತ್ತಲಲ್ಲಿ ಈಜುಕೊಳ ಇದೆ ಅನ್ನೋದು ಕಪ್ಪೆಗಳಿಗೆ ಬಿಟ್ರೆ ಯಾರಿಗೂ ನೆನಪಿರಲಿಲ್ಲ.”

“ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಯ್ತು, ಅಮ್ಮ ಮಂಚ ಬಿಟ್ಟು ಇಳಿದಿಲ್ಲ. ನೀರಲ್ಲಾದ್ರೂ ನಡೀಲಿ ಅಂದಿದ್ದಾರಲ್ಲ ಡಾಕ್ಟ್ರು. ಉಜ್ಜಲೇಬೇಕು.”

“ಭಾವ ಉಜ್ಜೋದು ನೋಡಿದ್ಯಾ? ಕೂಸಿನ ಬೆನ್ನು ಸವರಿದ ಹಾಗೆ!”

“ಸುಮ್ನಿರೇ, ಅವರದೇ ಫೋನು. ಏನ್ರೀ? ಅಮ್ಮನಾ? ಕೋಲಿಲ್ದೆ?”

“ಏನಾಯ್ತೇ? ಬಿದ್ಲಾ?”

“ಇವರು ಉಜ್ಜೋದನ್ನ ಕಿಟಕಿಯಿಂದ ನೋಡಿ ನೋಡಿ ತಡೀಲಾರ್ದೆ ಹಿತ್ತಲಿಗೆ ನಡ್ಕೊಂಡೇ ಬಂದ್ಬಿಟ್ಟಿದ್ದಾಳಂತೆ! ‘ಬ್ರಷ್ ಹಿಡಿಯೋದು ಹಾಗಲ್ಲ ಅಳಿಯಂದ್ರೇ’ ಅಂತ ಪಾಠ ಶುರುವಂತೆ!”

ಅಂಗಡಿಯೆಲ್ಲ ತಿರುಗಿ ನೋಡುವಂತೆ ಇಬ್ಬರೂ ನಕ್ಕರು. ತಂಗಿ ಕಣ್ಣೊರೆಸಿಕೊಂಡಳು.

“ಅಕ್ಕಾ, ಕ್ಲೋರಿನ್ ಇವತ್ತು ಬೇಡ.”

“ಯಾಕೇ?”

“ಅರ್ಧ ಪಾಚಿ ನಾಳೆಗಿರಲಿ. ಭಾವ ಒಬ್ರೇ ಉಜ್ಜಲಿ, ಅಮ್ಮ ಕಿಟಕಿಯಿಂದ ನೋಡ್ಲಿ.”

ಡಬ್ಬವನ್ನು ಅಲ್ಲೇ ಇಟ್ಟು, ಒಬ್ಬರ ಕೈ ಒಬ್ಬರು ಎಳೆಯುತ್ತ ಬಾಗಿಲಾಚೆ ಓಡಿದರು.