ಐವತ್ತೆರಡಕ್ಕೆ ನಿಂತ ಉಸಿರು

ಬಳ್ಳಾರಿ ಬಸ್ ನಿಲ್ದಾಣದಲ್ಲಿ ಕುರುಗೋಡು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಸೈಕಲ್ ರೇಸಿನ ಜೆರ್ಸಿ ತೊಟ್ಟ ಯುವತಿಯೊಬ್ಬಳು ತಂದೆಗೆ ಪರೀಕ್ಷೆಯ ಕಾಗದ ತೋರಿಸುತ್ತಿದ್ದಳು.

“ಐವತ್ತೆರಡು ಅಂತ ಬರದಾರಲ್ಲ ಪೂಜಿತಾ, ಏನದು?”

“ಮಷೀನಿನ ಮ್ಯಾಲೆ ಜೋರಾಗಿ ಪೆಡಲ್ ತುಳಿಯೋವಾಗ ನನ್ನ ಮೈ ಎಷ್ಟು ಆಕ್ಸಿಜನ್ ಎಳಕೊಂತೈತಿ ಅನ್ನೋದು, ಅಪ್ಪಾ.”

“ಹೋದ ವರ್ಷ ಎಷ್ಟಿತ್ತು?”

“ಅಷ್ಟೇ. ಅದರ ಹಿಂದಿನ ವರ್ಷಾನೂ ಅಷ್ಟೇ. ಟೀಮಿಗೆ ತಗೊಳ್ಳಾಕ ಅರವತ್ತು ಕೇಳ್ತಾರ.”

“ದಿನಾ ಸಿರಿಗೇರಿಯಿಂದ ಸಿರುಗುಪ್ಪ ತನಕ ತುಳಿತಿಯಲ್ಲವ್ವಾ, ಅದೆಲ್ಲಾ ಎಲ್ಲಿ ಹೋತು?”

“ಅದರಿಂದನ ಮೊದಲಿಗೆ ಇಲ್ಲೀತನಕ ಏರಿದ್ದು. ಇನ್ನ ಏರಂಗಿಲ್ಲ ಅಂದ್ರು ಕೋಚ್ ಸರ್.”

“ಅವತ್ತು ನಿನಗ ಮೈಯಾಗ ಆರಾಮ ಇದ್ದಿಲ್ಲೇನೋ. ಇನ್ನೊಮ್ಮೆ ಮಾಡ್ಸೋಣು.”

“ಭಾಳ ಆರಾಮ ಇದ್ದೆ ಅಪ್ಪಾ. ಅದಕ್ಕ ಅಳು ಬರ್ತೈತಿ.”

ತಂದೆ ಕಾಗದವನ್ನು ಮಡಚಿ ಅವಳ ಕೈಗಿಟ್ಟರು.

“ನಿನ್ನ ಹಠ ಎಷ್ಟೈತಿ ಅಂತ ಆ ಮಷೀನಿಗೇನು ಗೊತ್ತು?”

“ಹಠ ಸೇರಿನ ಇಷ್ಟು ಬಂದೈತಪ್ಪಾ.”

ಸಿರುಗುಪ್ಪದ ಬಸ್ಸು ಬಂತು. ತಂದೆ ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಅವಳನ್ನು ಮುಂದೆ ಹತ್ತಿಸಿ, ತಾವು ಹಿಂದೆ ಹತ್ತಿದರು.