ಅಜ್ಜಿಯ ಸೋಬಾನೆ, ಅಗ್ಗದ ಡಬ್ಬಿ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಬೇಡ ಬಿಡಿ, ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಹಿಂದೆ ತಿರುಗಿ ನೋಡುತ್ತೀರಿ. ಮಗಳ ಮದುವೆ ಮಾಡಿದ. ಎಂಥ ಮದುವೆ! ಎಲೆ ತುಂಬಾ ಸಿಹಿ, ಮಂಟಪದ ತುಂಬಾ ಪರವೂರಿನ ಹೂವು, ತಲೆಯ ಮೇಲೆ ಹಾರಾಡುವ ಡ್ರೋನ್ ಕ್ಯಾಮೆರಾ. ಆದರೆ ನೋಡಿ, ಅಲ್ಲಿ ನಿಜವಾಗಿ ಬೆಲೆ ಬಾಳುವುದು ಒಂದೇ ಇತ್ತು. ಅವನ ಮುದಿ ತಾಯಿ ಮೊಮ್ಮಗಳಿಗೆ ಆರತಿ ಎತ್ತುತ್ತಾ ಸೋಬಾನೆ ಹಾಡಿದಳು. ಯಾವ ಪುಸ್ತಕದಲ್ಲೂ ಇಲ್ಲದ ಹಾಡು, ಆಕೆಯ ಬಾಯಲ್ಲಿ ಮಾತ್ರ ಉಳಿದಿದ್ದ ಹಾಡು. ಕೇಳಿದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮದುವೆ ಮುಗಿಯಿತು. ಸ್ಟುಡಿಯೋದವನು ಹೇಳಿದ: "ಸಾರ್, ಒಂದು ಹಾರ್ಡ್ ಡಿಸ್ಕ್ ತಂದ್ಕೊಡಿ, ವಿಡಿಯೋ ಎಲ್ಲ ತುಂಬಿಸ್ಕೊಡ್ತೀನಿ. ಮನೇಲಿ ಪೂರ್ತಿ ಹಾಕಿ ನೋಡ್ಬಿಡಿ. ನಮ್ಮ ಹತ್ರ ಜಾಗ ಇರಲ್ಲ, ಆಮೇಲೆ ಅಳಿಸ್ಬಿಡ್ತೀವಿ."

ಶ್ರೀಮಂತ ಅಂಗಡಿಗೆ ಹೋದ. ಅಂಗಡಿಯವನು ಹಾರ್ಡ್ ಡಿಸ್ಕಿನ ಎರಡು ಡಬ್ಬಿ ಮುಂದಿಟ್ಟ. "ಇದು ಕಂಪನಿ ಮಾಲು ಸ್ವಾಮಿ, ನಂಬಬೋದು. ಅದು ಅರ್ಧ ರೇಟು. ಮೇಲೆ ಬರ್ದಿರೋಷ್ಟು ಜಾಗ ಒಳಗಿರುತ್ತೆ ಅಂತ ನಾನು ಹೇಳಲ್ಲ."

"ಎರಡೂ ಕಪ್ಪು, ಎರಡೂ ಅಂಗೈಯಗಲ. ನನ್ನನ್ನೇನು ಪೆದ್ದ ಅನ್ಕೊಂಡ್ಯಾ?" ಅಂದ ಶ್ರೀಮಂತ. ಅಗ್ಗದ್ದನ್ನೇ ತಂದ. ಅದಕ್ಕೂ ಚೌಕಾಸಿ ಮಾಡಿ ತಂದ! ಆನೆ ಕೊಂಡವನು ಅಂಕುಶಕ್ಕೆ ಜಗ್ಗಾಡಿದನಂತೆ. ನಗಬೇಡಿ, ನನಗೆ ಹೊಟ್ಟೆ ಉರಿಯುತ್ತದೆ.

ಸ್ಟುಡಿಯೋದವನು ತುಂಬಿಸಿಕೊಟ್ಟ ಮೇಲೆ ಮನೆಯಲ್ಲಿ ತೆರೆದು ನೋಡಿದ. ಮುಹೂರ್ತ, ಆರತಿ, ಊಟ ಎಂದು ಹೆಸರುಗಳು ಸಾಲಾಗಿ ಕಂಡವು. ಸಾಕು ಅಂತ ಬೀರುವಿನಲ್ಲಿಟ್ಟ. ತಾಯಿಯ ಹಾಡನ್ನು ಒಮ್ಮೆ ಹಾಕಿ ಕೇಳಿದನೇ? ಇಲ್ಲ. ಪುರುಸೊತ್ತು ಎಲ್ಲಿ ಮಹರಾಯನಿಗೆ!

ಕಾಲ ಕಳೆಯಿತು, ತಾಯಿ ತೀರಿಕೊಂಡಳು. ಮಗಳಿಗೆ ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಅವಳು ಕೇಳಿದಳು: "ಅಜ್ಜಿ ಹಾಡು ಹಾಕಪ್ಪ. ನನ್ನ ಮಗೂನೂ ಒಂದ್ಸಲ ಕೇಳ್ಲಿ."

ಟಿವಿಗೆ ಸಿಕ್ಕಿಸಿದ. ಹೆಸರುಗಳು ಬಂದವು. ಆರತಿ ಎಂಬುದನ್ನು ಒತ್ತಿದ. ಏನೂ ಇಲ್ಲ. ಮತ್ತೆ ಒತ್ತಿದ. ಏನೂ ಇಲ್ಲ! ಆ ಡಬ್ಬಿಯೊಳಗೆ ಇದ್ದದ್ದೇ ಚೂರು ಜಾಗ. ಅದು ತುಂಬಿದ ಮೇಲೆ ಹೆಸರನ್ನಷ್ಟೇ ಬರೆದುಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟಿತ್ತು. ಸ್ಟುಡಿಯೋದಲ್ಲಿ ಯಾವಾಗಲೋ ಅಳಿಸಿದ್ದರು. ಮಗಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಶ್ರೀಮಂತ ಅಂಗಡಿಗೆ ಓಡಿದ, ಕೂಗಾಡಿದ. ಅಂಗಡಿಯವನು ದುಡ್ಡು ವಾಪಸ್ ಕೊಟ್ಟ. ದುಡ್ಡು ಬಂತು. ತಾಯಿಯ ದನಿ ಬಂತೇ?

ಅಂಥ ಮಾಲು ಮಾರಿದವನಿಗೂ ಪಾಪವಿದೆ, ಇಲ್ಲ ಅನ್ನುವುದಿಲ್ಲ. ಆದರೆ ಇಲ್ಲಿ ಕೂತಿರುವವರು ಕೊಳ್ಳುವವರು! ಅಗ್ಗದ್ದು ಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಸಿನಿಮಾ ತುಂಬಿಕೊಳ್ಳಲು ಅಗ್ಗದ್ದೇ ತನ್ನಿ, ಹೋದರೆ ಹೋಯಿತು. ಮತ್ತೆ ಸಿಗದ್ದನ್ನು ಇಡುವಾಗ ಮಾತ್ರ, ಒಳಗಿಡುವುದರ ಬೆಲೆಯನ್ನು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ, ಡಬ್ಬಿಯ ಬೆಲೆ ಆಮೇಲೆ. ಬಿಲ್ಲು ಕೊಡುವ ಕಡೆಯಿಂದ ತನ್ನಿ. ತುಂಬಿಸಿದ ದಿನವೇ ಹಾಕಿ ಕೇಳಿ. ಒಳ್ಳೆಯದೂ ಒಂದು ದಿನ ಕೆಡುತ್ತದೆ, ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ.

ಫೋನ್ ಎತ್ತಿ ಹಿಡಿದು ನನ್ನನ್ನು ರೆಕಾರ್ಡ್ ಮಾಡುತ್ತಿದ್ದೀರಲ್ಲ ತಾಯಿ, ಇಳಿಸಿ ಅದನ್ನು! ನನ್ನ ಮಾತು ಹೋದರೆ ಹೋಗಲಿ, ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಇವತ್ತು ಮನೆಗೆ ಹೋದವರೇ ಬೀರು ತೆಗೆಯಿರಿ. ಅಮ್ಮನ ದನಿ ಇದೆಯೋ, ಬರೀ ಹೆಸರಿದೆಯೋ, ಹಾಕಿ ಕೇಳಿ.