ಇಪ್ಪತ್ತರ ವರ್ಗಮೂಲ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಪ್ಪ, ಅವನ ಏಳನೇ ಕ್ಲಾಸಿನ ಮಗಳು ಕೂತಿದ್ದರು. ಇಬ್ಬರ ನಡುವೆ ಅವಳ ಬಟ್ಟೆಯ ಬ್ಯಾಗು. ಮಗಳು ಹಾಳೆಯೊಂದರ ಮೇಲೆ ಇಪ್ಪತ್ತರ ವರ್ಗಮೂಲ ತೆಗೆಯುತ್ತಿದ್ದಳು. ಅಪ್ಪ ಬಗ್ಗಿ ನೋಡಿದ.

“ಏನೇ ಇದು, ಸುಮ್ಮನೆ ನಾಲ್ಕು ಅಂತ ಬರ್ಕೊಂಡಿದ್ದೀಯ?”

“ಅದು ಅಂದಾಜು ಅಪ್ಪ. ಇಪ್ಪತ್ತನ್ನ ನಾಲ್ಕರಿಂದ ಭಾಗಿಸಿದ್ರೆ ಐದು. ನಾಲ್ಕು ಕಡಿಮೆ ಆಯ್ತು, ಐದು ಜಾಸ್ತಿ ಆಯ್ತು. ಎರಡರ ಸರಾಸರಿ ನಾಲ್ಕೂವರೆ. ಈಗ ನಾಲ್ಕೂವರೆಯಿಂದ ಭಾಗಿಸ್ಬೇಕು. ಹೀಗೇ ಮಾಡ್ತಾ ಹೋದ್ರೆ ಉತ್ತರದ ಹತ್ತಿರ ಹತ್ತಿರ ಬರುತ್ತೆ.”

“ಯಾವಾಗ ಮುಟ್ಟುತ್ತೆ?”

“ಮುಟ್ಟಲ್ಲ. ಇಪ್ಪತ್ತು ಪೂರ್ಣ ವರ್ಗ ಅಲ್ವಲ್ಲ.”

“ನಾನು ಹೇಳ್ಕೊಟ್ಟಿದ್ದು ಹೀಗಲ್ಲ. ನಿಮ್ಮಮ್ಮನಿಗೆ ಕೂಡೋ ಲೆಕ್ಕಾನೂ ಬರಲ್ಲ. ಯಾರು ಹೇಳ್ಕೊಟ್ರು?”

ಮಗಳು ಪೆನ್ಸಿಲಿನ ತುದಿ ನೋಡಿದಳು.

“ಮನೇಲಿ... ಅವರು.”

“ಓಹೋ, ಅಮ್ಮನ ಹೊಸ ಯಜಮಾನರು! ಲೆಕ್ಕಾನೂ ಈಗ ಅವರದ್ದೇ.”

“ನೀನು ಹೇಳ್ಕೊಟ್ಟ ಭಾಗಾಕಾರದ ವಿಧಾನದಲ್ಲಿ ಒಂದು ಅಂಕಿ ತಪ್ಪಿದ್ರೆ ಕೊನೆವರೆಗೂ ತಪ್ಪು. ನೀನು ರೇಗ್ತಿದ್ದೆ. ಇದ್ರಲ್ಲಿ ತಪ್ಪಿದ್ರೂ ಮುಂದೆ ತಾನೇ ಸರಿಹೋಗುತ್ತೆ.”

“ಮೊದಲನೇ ಅಂದಾಜೇ ಪೂರ್ತಿ ತಪ್ಪಿದ್ರೆ? ಹತ್ತು ಅಂತ ಹಿಡಿದಿದ್ರೆ?”

“ಆಗ್ಲೂ ಬರುತ್ತೆ. ಸ್ವಲ್ಪ ತಡ ಆಗುತ್ತೆ, ಅಷ್ಟೆ.”

“ಅದನ್ನ ನಿಮ್ಮಮ್ಮನಿಗೂ ಸ್ವಲ್ಪ ಹೇಳ್ಕೊಡು.”

ರಸ್ತೆಯಾಚೆ ಒಂದು ಕಾರು ಬಂದು ಹಾರನ್ ಹೊಡೆಯಿತು. ಮಗಳು ಹಾಳೆ ಮಡಚಿ ಎದ್ದಳು. ಅಪ್ಪ ಬ್ಯಾಗು ಎತ್ತಿಕೊಂಡ.

“ಕೊಡಪ್ಪ, ನಾನೇ ಹೋಗ್ತೀನಿ. ಕಾರಿನ ತನಕ ಬರೋದು ಬೇಡ ಅಂದಿದ್ದಾಳೆ ಅಮ್ಮ.”

“ಮತ್ತೆ ಎಲ್ಲೀವರೆಗೆ ಬರಬಹುದಂತೆ?”

“ಆ ದೀಪದ ಕಂಬದವರೆಗೆ.”

ಅವನು ಬ್ಯಾಗು ಹೊತ್ತು ಕಂಬದವರೆಗೆ ಹೋದ.